ಒಳ್ಳೆಯದೆಂದು ತಿಳಿದೂ ಬಿಟ್ಟ ಜೇನು

ಮಳೆಗಾಲದ ರಾತ್ರಿ ಮಗುವಿಗೆ ಕೆಮ್ಮು ಹತ್ತಿತೆಂದರೆ ಕನ್ನಡನಾಡಿನ ಬಹುತೇಕ ಮನೆಗಳಲ್ಲಿ ಕೈ ತಾನಾಗಿ ಜೇನಿನ ಶೀಶೆಯ ಕಡೆಗೆ ಹೋಗುತ್ತದೆ. ಹಸಿಶುಂಠಿಯ ರಸ, ಚಿಟಿಕೆ ಕಾಳುಮೆಣಸಿನ ಪುಡಿ, ಮೇಲೊಂದು ಚಮಚ ಜೇನು. ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಮಗಳಿಗೆ ಇಳಿದು ಬಂದ ಮದ್ದು ಇದು. ವ್ರತನಿಷ್ಠ ಜೈನರ ಅಡುಗೆಮನೆಯಲ್ಲಿ ಮಾತ್ರ ಆ ಶೀಶೆ ಇರುವುದಿಲ್ಲ. ಶುಂಠಿ ಅಲ್ಲಿಯೂ ಜಜ್ಜಲ್ಪಡುತ್ತದೆ, ಆದರೆ ಒಣಶುಂಠಿ. ಸಿಹಿಗೆ ಕಲ್ಲುಸಕ್ಕರೆಯೋ ಬೆಲ್ಲವೋ ಬರುತ್ತದೆ. ಮಗು ಕೆಮ್ಮುತ್ತಲೇ ಅದನ್ನು ಚಪ್ಪರಿಸುತ್ತದೆ.

ನೆರೆಮನೆಯವರಿಗೆ ಇದು ಸೋಜಿಗ. ಹಾಲು, ಮೊಸರು, ತುಪ್ಪ ಸಲ್ಲುವ ಮನೆಗೆ ಹೂವಿನ ರಸದಿಂದಾದ ಜೇನು ಏಕೆ ಸಲ್ಲದು ಎಂದು ಅವರು ಕೇಳುತ್ತಾರೆ. ಈ ಪ್ರಶ್ನೆಗೆ ಇಂದಿನ ಜೈನ ಯುವಕರಲ್ಲಿ ಹಲವರು ಸುಲಭದ ಉತ್ತರವೊಂದನ್ನು ಕಂಡುಕೊಂಡಿದ್ದಾರೆ. ಜೇನು ನೊಣದ ಉಗುಳು, ಅದೂ ಬರಿಯ ಸಕ್ಕರೆ, ಆರೋಗ್ಯಕ್ಕೆ ಕೆಟ್ಟದ್ದು, ಅದಕ್ಕೇ ನಮ್ಮ ಹಿರಿಯರು ಬೇಡವೆಂದರು ಎನ್ನುವ ಉತ್ತರ. ಕೇಳಲು ಹಿತವಾಗಿದ್ದರೂ ಅದು ದಿಟವಲ್ಲ. ಜೇನಿಗೆ ಗುಣಗಳಿವೆ, ಹಿರಿಯರಿಗೆ ಅದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಬಿಟ್ಟರು. ಕೆಟ್ಟದ್ದನ್ನು ಬಿಡುವುದಕ್ಕೆ ವ್ರತವೇ ಬೇಕಿಲ್ಲ, ವೈದ್ಯರ ಒಂದು ಮಾತು ಸಾಕು.

ಶ್ರಾವಕಾಚಾರ ಗ್ರಂಥಗಳಲ್ಲಿ ಈ ತ್ಯಾಗದ ಸ್ಥಾನ ತೀರ ಮೊದಲಿನದು. ಸ್ವಾಮಿ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಗೃಹಸ್ಥನ ಎಂಟು ಮೂಲಗುಣಗಳನ್ನು ಹೇಳುವಾಗ ಐದು ಅಣುವ್ರತಗಳ ಜೊತೆಗೆ ಮದ್ಯ, ಮಾಂಸ, ಮಧು ಈ ಮೂರರ ತ್ಯಾಗವನ್ನು ಸೇರಿಸಿದರು. ಅಮೃತಚಂದ್ರಾಚಾರ್ಯರ ಪುರುಷಾರ್ಥಸಿದ್ಧ್ಯುಪಾಯದಲ್ಲಿ ಈ ಮೂರು ಮಕಾರಗಳೊಡನೆ ಅತ್ತಿ, ಆಲ, ಅರಳಿಗಳ ಜಾತಿಯ ಐದು ಉದುಂಬರ ಫಲಗಳ ತ್ಯಾಗ ಸೇರಿ ಎಂಟಾಗುತ್ತದೆ. ಶ್ವೇತಾಂಬರ ಪರಂಪರೆಯು ಮದ್ಯ, ಮಾಂಸ, ಮಧು, ಬೆಣ್ಣೆ ಈ ನಾಲ್ಕನ್ನು ಮಹಾವಿಕೃತಿಗಳೆಂದು ಎಣಿಸುತ್ತದೆ. ಪಟ್ಟಿಗಳು ಬೇರೆಬೇರೆಯಾದರೂ ಜೇನು ಯಾವ ಪಟ್ಟಿಯಿಂದಲೂ ಜಾರಿಹೋಗಿಲ್ಲ.

ಸಮಂತಭದ್ರರು ಕೊಡುವ ಕಾರಣಗಳಲ್ಲಿ ಒಂದು ಸೂಕ್ಷ್ಮವಿದೆ. ಮದ್ಯವನ್ನು ಬಿಡಬೇಕಾದುದು ಪ್ರಮಾದದಿಂದ ದೂರವಿರಲು. ಎಂದರೆ ಕುಡಿಯುವವನ ಬುದ್ಧಿಗೆ ಆಗುವ ಕೇಡಿನಿಂದಾಗಿ. ಮಾಂಸವನ್ನೂ ಜೇನನ್ನೂ ಬಿಡಬೇಕಾದುದು ತ್ರಸಜೀವಿಗಳ ಘಾತವನ್ನು ತಪ್ಪಿಸಲು. ಜೇನು ತಿನ್ನುವವನಿಗೆ ಅಪಾಯ ಎಂಬ ಮಾತು ಅಲ್ಲಿ ಇಲ್ಲ. ಅಪಾಯ ಇರುವುದು ನೊಣಕ್ಕೆ. ಮದ್ಯದ ಸಾಲಿಗೆ ಸೇರಿಸದೆ ಮಾಂಸದ ಸಾಲಿಗೆ ಜೇನನ್ನು ಸೇರಿಸಿದ ಆ ವಿಂಗಡಣೆಯಲ್ಲಿಯೇ ಆಚಾರ್ಯರ ನಿಲುವು ಪೂರ್ತಿಯಾಗಿ ಅಡಗಿದೆ. ಜುಗುಪ್ಸೆಯ ಮಾತು ಶಾಸ್ತ್ರಗಳಲ್ಲಿ ಇಲ್ಲವೇ ಇಲ್ಲ ಎನ್ನಲಾಗದು. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಅನ್ಯರು ಕಾರಿದ್ದನ್ನು ತಿನ್ನುವುದೇ ಎಂದು ಕೇಳುತ್ತಾರೆ. ಆದರೂ ಅದು ಆಸೆಯನ್ನು ಹಿಂಜರಿಸಲು ಹೇಳಿದ ಮಾತು, ಅಡಿಪಾಯ ಅಹಿಂಸೆಯೇ.

ಜೇನುನೊಣ ಯಾರು? ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಜೀವಿಗಳನ್ನು ಇಂದ್ರಿಯಗಳ ಸಂಖ್ಯೆಯಿಂದ ವಿಂಗಡಿಸುವಾಗ ಹುಳುವಿಗೆ ಎರಡು, ಇರುವೆಗೆ ಮೂರು, ಭ್ರಮರಕ್ಕೆ ನಾಲ್ಕು, ಮನುಷ್ಯನಿಗೆ ಐದು ಎಂದು ಏರುಕ್ರಮದಲ್ಲಿ ಹೆಸರಿಸಿದ್ದಾರೆ. ಸ್ಪರ್ಶ, ರುಚಿ, ವಾಸನೆ, ದೃಷ್ಟಿ ಇವುಳ್ಳ ಚತುರಿಂದ್ರಿಯ ಜೀವ ಅದು; ನಮಗಿಂತ ಒಂದೇ ಮೆಟ್ಟಿಲು ಕೆಳಗೆ ನಿಂತದ್ದು. ಇನ್ನೊಂದು ಸಂಗತಿಯನ್ನು ಭಕ್ತರು ಅನೇಕ ಸಲ ಕೇಳಿದ್ದರೂ ಜೇನಿನೊಡನೆ ಅದನ್ನು ಹೊಂದಿಸಿ ನೋಡಿರಲಾರರು. ಮುನಿಗಳ ಆಹಾರಚರ್ಯೆಗೆ ಭ್ರಾಮರೀವೃತ್ತಿ ಎಂಬ ಹೆಸರುಂಟು. ದುಂಬಿಯು ಹೂವನ್ನು ಬಾಡಿಸದೆ, ಎಸಳನ್ನು ಹರಿಯದೆ, ಒಂದೊಂದರಿಂದ ತುಸುತುಸುವೇ ರಸವನ್ನು ಪಡೆಯುವಂತೆ ಮುನಿಯು ಯಾವ ಗೃಹಸ್ಥನಿಗೂ ಭಾರವಾಗದೆ ಆಹಾರ ಸ್ವೀಕರಿಸಬೇಕು. ನೋಯಿಸದೆ ಪಡೆಯುವುದು ಹೇಗೆ ಎಂಬುದಕ್ಕೆ ಆಗಮಗಳು ಗುರುವಾಗಿ ಆರಿಸಿಕೊಂಡದ್ದು ಈ ಸಣ್ಣ ಕೀಟವನ್ನು. ಅಂಥ ಗುರುವಿನ ಕಣಜಕ್ಕೆ ಹೊಗೆ ಹಾಕಿ ಕೈಯಿಕ್ಕುವುದು ಹೇಗೆ?

ಕಣಜ ಎಂಬುದು ಬರಿಯ ಉಪಮೆಯಲ್ಲ. ಹೂವಿನ ರಸದಲ್ಲಿ ಹೆಚ್ಚಿನ ಪಾಲು ನೀರೇ. ನೊಣ ಅದನ್ನು ಹೊಟ್ಟೆಯಲ್ಲಿರುವ ಜೇನುಚೀಲದಲ್ಲಿ ತುಂಬಿ ತರುತ್ತದೆ; ಗೂಡಿನಲ್ಲಿ ಅದು ಬಾಯಿಂದ ಬಾಯಿಗೆ ಹಾಯುವಾಗ ಕಿಣ್ವಗಳು ಬೆರೆತು ಸಕ್ಕರೆ ಒಡೆಯುತ್ತದೆ; ಎರಿಯ ಕಣ್ಣುಗಳಲ್ಲಿ ಸುರಿದ ಮೇಲೆ ಸಾವಿರಾರು ರೆಕ್ಕೆಗಳ ಬೀಸುವಿಕೆಯಿಂದ ನೀರು ಆರಿ ಸುಮಾರು ನೂರಕ್ಕೆ ಹದಿನೆಂಟು ಪಾಲಿಗೆ ಇಳಿಯುತ್ತದೆ. ಆಮೇಲೆ ಮೇಣದ ಮುಚ್ಚಳ. ದುಡಿಮೆಯ ಕಾಲದಲ್ಲಿ ಕೆಲಸಗಾರ ನೊಣದ ಆಯುಸ್ಸು ಆರು ವಾರಗಳ ಆಸುಪಾಸು. ಅಷ್ಟರಲ್ಲಿ ಒಂದು ನೊಣ ಕೂಡಿಸುವ ಜೇನು ಚಹದ ಚಮಚದ ಹನ್ನೆರಡರಲ್ಲಿ ಒಂದು ಪಾಲು ಎಂಬುದು ಜೇನುಕೃಷಿಕರ ವಾಡಿಕೆಯ ಲೆಕ್ಕ. ಮಗುವಿನ ಬಾಯಿಗಿಡುವ ಒಂದು ಚಮಚದಲ್ಲಿ ಹನ್ನೆರಡು ಜೀವಗಳ ಬಾಳಿನ ದುಡಿಮೆ ಇದೆ.

ಈ ದುಡಿಮೆ ಯಾರಿಗಾಗಿ ಎಂಬುದು ಮಲೆನಾಡನ್ನು ಬಲ್ಲವರಿಗೆ ಬೇಗ ತಿಳಿಯುತ್ತದೆ. ಅಲ್ಲಿ ಬೇಸಿಗೆಯ ಕೊನೆಗೆ ತುಡುವೆಯ ಗೂಡು ತುಂಬಿರುತ್ತದೆ. ಜೂನ್ ತಿಂಗಳಲ್ಲಿ ಮಳೆ ಹಿಡಿದರೆ ವಾರಗಟ್ಟಲೆ ನೊಣ ಹೊರಗೆ ಹಾರಲಾರದು. ಹಾರಿದರೂ ಹೂಗಳಲ್ಲಿ ರಸವಿರದು. ಆ ದಿನಗಳಿಗೆಂದು ಕೂಡಿಟ್ಟ ಬುತ್ತಿಯನ್ನು ಮನುಷ್ಯ ಮಳೆಗೆ ಮುನ್ನವೇ ಇಳಿಸಿಕೊಳ್ಳುತ್ತಾನೆ. ವಿವೇಕವುಳ್ಳ ಕೃಷಿಕರು ನೊಣಗಳಿಗೆಂದು ಒಂದಷ್ಟು ಎರಿ ಉಳಿಸುತ್ತಾರೆ, ಮಳೆಗಾಲದಲ್ಲಿ ಸಕ್ಕರೆ ಪಾಕ ಇಡುತ್ತಾರೆ. ಇಡದಿದ್ದರೆ ಕುಟುಂಬ ಗೂಡು ಬಿಟ್ಟು ಹೋಗುವುದುಂಟು.

ಹೆಜ್ಜೇನಿನ ಕಥೆ ಇದಕ್ಕಿಂತ ಕಠಿಣ. ಎತ್ತರದ ಮರದ ಕೊಂಬೆಗೋ ಬಂಡೆಯ ಚಾಚಿಗೋ ಒಂದೇ ದೊಡ್ಡ ತೆರೆದ ಎರಿ ಕಟ್ಟುವ ಹೆಜ್ಜೇನನ್ನು ಪೆಟ್ಟಿಗೆಯಲ್ಲಿ ಸಾಕಲಾಗದು. ಕತ್ತಲಲ್ಲಿ ಬೆಂಕಿಯ ಸೂಡಿ, ಹೊಗೆ. ಕಿಡಿಗಳ ಬೆನ್ನುಹತ್ತಿ ಬೀಳುವ ನೊಣಗಳು. ಎರಿ ಹಿಂಡಿದಾಗ ಮೊಟ್ಟೆ, ಮರಿಹುಳುಗಳೂ ಜೊತೆಗೆ. ಎರಿಯ ಮೇಲ್ತುದಿಯ ಜೇನಿನ ಭಾಗವನ್ನಷ್ಟೇ ಕೊಯ್ದು ಮರಿಗಳಿರುವ ಭಾಗವನ್ನು ಉಳಿಸುವ ಬಲ್ಲಿದರೂ ಕಾಡಿನ ಜನರಲ್ಲಿದ್ದಾರೆ ಎಂಬುದನ್ನು ಮರೆಯಬಾರದು. ಜೇನನ್ನೇ ಹೆಸರಿನಲ್ಲಿ ಹೊತ್ತ ಜೇನುಕುರುಬರಂಥ ಸಮುದಾಯಗಳಿಗೆ ಅದು ಅನ್ನ, ದೈವ, ಹಾಡು ಎಲ್ಲವೂ ಹೌದು. ಜೈನರ ಮಧುತ್ಯಾಗ ಅವರ ಮೇಲೆ ಹೊರಿಸುವ ದೂರಾಗಬೇಕಿಲ್ಲ. ಅದು ತನ್ನ ತಟ್ಟೆಯ ಕುರಿತು ತಾನೇ ತೆಗೆದುಕೊಳ್ಳುವ ನಿರ್ಧಾರ.

ಕಾಡಿನವನೊಬ್ಬನೇ ಆ ನಿರ್ಧಾರ ತೆಗೆದುಕೊಂಡ ಕಥೆಯೂ ಪುರಾಣದಲ್ಲಿದೆ, ಅದೂ ಸಾಮಾನ್ಯನ ಕಥೆಯಲ್ಲ. ಗುಣಭದ್ರಾಚಾರ್ಯರ ಉತ್ತರಪುರಾಣದಲ್ಲಿ ಭಗವಾನ್ ಮಹಾವೀರರ ಪೂರ್ವಭವಗಳ ಕಥನವು ಪುರೂರವನೆಂಬ ಬೇಡರ ಒಡೆಯನಿಂದ ಆರಂಭವಾಗುತ್ತದೆ. ರಾಷ್ಟ್ರಕೂಟರ ಕಾಲದ ಆ ಕೃತಿಗೆ ಇಂದಿನ ಹಾವೇರಿ ಜಿಲ್ಲೆಯ ಬಂಕಾಪುರದೊಡನೆ ನಂಟುಂಟು. ದಾರಿ ತಪ್ಪಿ ಕಾಡಿನಲ್ಲಿ ನಡೆಯುತ್ತಿದ್ದ ಸಾಗರಸೇನ ಮುನಿಯನ್ನು ದೂರದಿಂದ ಜಿಂಕೆಯೆಂದು ಬಗೆದು ಪುರೂರವ ಬಾಣ ಹೂಡುತ್ತಾನೆ. ಇವರು ವನದೇವತೆಗಳು, ಕೊಲ್ಲಬೇಡ ಎಂದು ಹೆಂಡತಿ ಅವನನ್ನು ತಡೆಯುತ್ತಾಳೆ. ಬಿಲ್ಲು ಇಳಿಸಿ ಎದುರು ಬಂದವನಿಗೆ ಮುನಿಗಳು ಕೊಟ್ಟದ್ದು ತತ್ತ್ವದ ದೊಡ್ಡ ಉಪದೇಶವನ್ನಲ್ಲ, ಮಧು ಮೊದಲಾದ ಮೂರರ ತ್ಯಾಗದ ವ್ರತವನ್ನು. ನಗರದ ಶ್ರಾವಕನಿಗೆ ಜೇನು ಬಿಡುವುದೆಂದರೆ ಒಂದು ಶೀಶೆಯನ್ನು ಕೊಳ್ಳದಿರುವುದು. ಬೇಡನಿಗೆ ಅದು ದಿನದ ಆಹಾರದ ಒಂದು ಪಾಲನ್ನೇ ಬಿಟ್ಟುಕೊಡುವುದಾಗಿತ್ತು. ಅವನು ಬದುಕಿರುವವರೆಗೂ ವ್ರತವನ್ನು ಪಾಲಿಸಿ ಸೌಧರ್ಮ ಸ್ವರ್ಗದಲ್ಲಿ ಹುಟ್ಟಿದ. ಮುಂದೆ ಭರತ ಚಕ್ರವರ್ತಿಯ ಮಗ ಮರೀಚಿಯಾದ. ಬಹುಭವಗಳ ಏಳುಬೀಳುಗಳ ಕೊನೆಯಲ್ಲಿ ವರ್ಧಮಾನನಾದ. ತೀರ್ಥಂಕರತ್ವದ ಆ ದೀರ್ಘ ಪಯಣದ ಮೊದಲ ಹೆಜ್ಜೆ ಆಹಾರದ್ದು ಎಂಬುದನ್ನು ಪುರಾಣಕಾರರು ಸುಮ್ಮನೆ ಹೇಳಿರಲಾರರು.

ಇನ್ನು ಆರೋಗ್ಯದ ಮಾತು. ಬಿಡುವವನು ತಾನು ಬಿಡುತ್ತಿರುವುದು ಏನೆಂದು ತಿಳಿದಿರಬೇಕು. ಆಯುರ್ವೇದ ಜೇನನ್ನು ಕಫಹರವೆಂದೂ, ಬೆರೆತ ದ್ರವ್ಯದ ಗುಣವನ್ನು ಹೊತ್ತೊಯ್ಯುವ ಯೋಗವಾಹಿಯೆಂದೂ ಹೊಗಳಿದೆ. ಹೊಸ ಜೇನು ಮೈಯನ್ನು ಬೆಳೆಸುತ್ತದೆ, ಹಳೆಯದು ಕೊಬ್ಬನ್ನು ಕರಗಿಸುತ್ತದೆ ಎಂದು ಸುಶ್ರುತ ಸಂಹಿತೆ ಭೇದ ಮಾಡುತ್ತದೆ. ಇಂದಿನ ವೈದ್ಯವಿಜ್ಞಾನವೂ ಎರಡು ಕಡೆ ಜೇನಿನ ಪರವಾಗಿ ನಿಲ್ಲುತ್ತದೆ. ಒಂದು, ಒಂದು ವರ್ಷ ದಾಟಿದ ಮಕ್ಕಳ ಕೆಮ್ಮು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2018ರ ಕಾಕ್ರೇನ್ ವಿಮರ್ಶೆಯು ಏನೂ ಕೊಡದಿರುವುದಕ್ಕಿಂತ ಜೇನು ಕೊಟ್ಟಾಗ ಕೆಮ್ಮು ಹೆಚ್ಚು ತಗ್ಗುವ ಸಂಭವವಿದೆ ಎಂದಿತು. ಎರಡನೆಯದು, ಚರ್ಮದ ಪೂರ್ಣ ಆಳಕ್ಕೆ ಹೋಗದ ಸುಟ್ಟಗಾಯ. ಜೇನು ಆಮ್ಲೀಯ, ಅದರ ಗಾಢತೆ ರೋಗಾಣುಗಳ ನೀರನ್ನು ಹೀರುತ್ತದೆ, ಅದರೊಳಗಿನ ಕಿಣ್ವ ಹೈಡ್ರೋಜನ್ ಪೆರಾಕ್ಸೈಡನ್ನು ಹುಟ್ಟಿಸುತ್ತದೆ. ಶುದ್ಧೀಕರಿಸಿದ ವೈದ್ಯಕೀಯ ಜೇನಿನ ಪಟ್ಟಿಗಳು ಆಸ್ಪತ್ರೆಗಳಲ್ಲಿ ಬಳಕೆಗೆ ಬಂದಿರುವುದು ಇದರಿಂದಲೇ.

ದೋಷಗಳೂ ಅಷ್ಟೇ ಸ್ಪಷ್ಟ. ಒಂದು ವರ್ಷದೊಳಗಿನ ಶಿಶುವಿಗೆ ಜೇನು ನೆಕ್ಕಿಸಲೇಬಾರದು. ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಜೇನಿನಲ್ಲಿ ಇರಬಹುದು. ಬಲಿಯದ ಕರುಳಿನಲ್ಲಿ ಅವು ಮೊಳೆತು ಉಂಟುಮಾಡುವ ನಂಜು ಸ್ನಾಯುಗಳನ್ನೂ ಉಸಿರನ್ನೂ ಕುಗ್ಗಿಸುತ್ತದೆ. ಹುಟ್ಟಿದ ಕೂಸಿನ ನಾಲಗೆಗೆ ಜೇನು ಸವರುವ ಪದ್ಧತಿ ನಮ್ಮಲ್ಲಿ ಹಲವು ಮನೆತನಗಳಲ್ಲಿ ಇರುವುದರಿಂದ ಈ ಎಚ್ಚರಿಕೆಯನ್ನು ಜೈನರಲ್ಲದವರೂ ಗಮನಿಸಬೇಕು. ಊಟದ ದೊಡ್ಡ ಚಮಚದಷ್ಟು, ಎಂದರೆ ಸುಮಾರು 21 ಗ್ರಾಂ ಜೇನಿನಲ್ಲಿ 17 ಗ್ರಾಂ ಸಕ್ಕರೆಯೇ ಇದೆ. ವಿಶ್ವ ಆರೋಗ್ಯ ಸಂಸ್ಥೆ ಮಿತಗೊಳಿಸಬೇಕೆನ್ನುವ ಸಕ್ಕರೆಗಳ ಲೆಕ್ಕದಲ್ಲಿ ಜೇನೂ ಸೇರುತ್ತದೆ. ಸಕ್ಕರೆ ಕಾಯಿಲೆಯವರು ಸಕ್ಕರೆ ಬಿಟ್ಟು ಜೇನು ಹಿಡಿದರೆ ಹೆಸರು ಬದಲಾಯಿತೇ ಹೊರತು ಹೊರೆ ಇಳಿಯಲಿಲ್ಲ. ಜೇನನ್ನು ಕಾಯಿಸಬಾರದು, ಸಮಪ್ರಮಾಣದ ತುಪ್ಪದೊಡನೆ ಬೆರೆಸಬಾರದು ಎಂದು ಆಯುರ್ವೇದವೇ ವಿಧಿಸಿದೆ. ಬಿಸಿನೀರಿಗೆ ಜೇನು ಕದಡಿ ಕುಡಿಯುವ ಇಂದಿನ ಗೀಳು ಆ ವಿಧಿಯನ್ನು ಮರೆತಿದೆ. ಇವೆಲ್ಲಕ್ಕೆ ಮೊದಲು ಶೀಶೆಯಲ್ಲಿರುವುದು ಜೇನೇ ಎಂಬ ಖಾತರಿ ಬೇಕು. ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ 2020ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ತನಿಖೆಯಂತೆ, ಪರೀಕ್ಷಿಸಿದ 22 ಮಾದರಿಗಳಲ್ಲಿ ಎಲ್ಲ ಪರೀಕ್ಷೆಗಳನ್ನೂ ದಾಟಿದವು 5 ಮಾತ್ರ. ಕಂಪನಿಗಳು ಆ ಫಲಿತಾಂಶವನ್ನು ಒಪ್ಪಲಿಲ್ಲ.

ಹೀಗೆ ಗುಣದೋಷಗಳನ್ನು ತಕ್ಕಡಿಯಲ್ಲಿಟ್ಟರೆ ಆರೋಗ್ಯವಂತ ವಯಸ್ಕನಿಗೆ ಒಂದು ಚಮಚ ಜೇನು ಹಾನಿಯಲ್ಲ, ಕೆಮ್ಮುವ ಮಗುವಿಗೆ ಉಪಶಮನವೂ ಆಗಬಹುದು. ವ್ರತದ ನಿಜವಾದ ಪರೀಕ್ಷೆ ಅಲ್ಲಿದೆ. ನಾಲಗೆಯ ಚಪಲಕ್ಕೆ ಜೇನು ಬೇಡವೆನ್ನುವುದು ಸುಲಭ; ಔಷಧಕ್ಕೂ ಬೇಡವೆ? ಹೇಮಚಂದ್ರಾಚಾರ್ಯರ ಉತ್ತರದಲ್ಲಿ ಸಡಿಲಿಕೆ ಇಲ್ಲ. ಔಷಧಕ್ಕಾಗಿ ತಿಂದ ಜೇನೂ ನರಕಕ್ಕೆ ಕಾರಣ ಎಂಬಷ್ಟು ಕಟುವಾಗಿ ಅವರು ನುಡಿದಿದ್ದಾರೆ. ಇಂದಿನ ಕಿವಿಗೆ ಈ ಮಾತು ಗಡುಸು. ಆದರೆ ಅದು ಯಾವ ಬಾಗಿಲನ್ನು ಮುಚ್ಚಲು ಆಡಿದ್ದು ಎಂದು ಯೋಚಿಸಬೇಕು. ಔಷಧವೆಂಬ ಹೆಸರಿನಲ್ಲಿ ಒಳಬಂದದ್ದು ಬಹುಬೇಗ ಬಲವರ್ಧಕವಾಗುತ್ತದೆ, ಬಲವರ್ಧಕ ಬೆಳಗಿನ ಅಭ್ಯಾಸವಾಗುತ್ತದೆ. ಇಂದಿನ ಅಂಗಡಿಗಳಲ್ಲಿ ಜೇನು ಬಿಕರಿಯಾಗುವುದು ಹೆಚ್ಚಾಗಿ ಆರೋಗ್ಯದ ಹೆಸರಿನಲ್ಲಿಯೇ ಅಲ್ಲವೆ?

ಜೈನ ವೈದ್ಯರು ಈ ಕಟ್ಟುಪಾಡನ್ನು ತಲೆಯ ಮೇಲೆ ಹೊರೆಯಾಗಿ ಹೊರಲಿಲ್ಲ, ಅದನ್ನು ತಮ್ಮ ವಿದ್ಯೆಗೆ ಸವಾಲಾಗಿ ತೆಗೆದುಕೊಂಡರು. ರಾಷ್ಟ್ರಕೂಟ ದೊರೆ ನೃಪತುಂಗನ ಆಸ್ಥಾನದಲ್ಲಿ ಮಾಂಸವು ಔಷಧವಾಗಲಾರದೆಂದು ವಾದಿಸಿದ ಉಗ್ರಾದಿತ್ಯಾಚಾರ್ಯರ ಕಲ್ಯಾಣಕಾರಕ ಸಂಸ್ಕೃತದಲ್ಲಿದೆ. ಪೂಜ್ಯಪಾದರ ವೈದ್ಯಗ್ರಂಥವನ್ನು ಅನುಸರಿಸಿ ಜಗದ್ದಳ ಸೋಮನಾಥ ಹನ್ನೆರಡನೆಯ ಶತಮಾನದಲ್ಲಿ ಕನ್ನಡಕ್ಕೆ ತಂದ ಕರ್ಣಾಟಕ ಕಲ್ಯಾಣಕಾರಕವೂ ಮದ್ಯಮಾಂಸಗಳಿಲ್ಲದ ಚಿಕಿತ್ಸೆಯನ್ನೇ ಹೇಳುತ್ತದೆ. ರೋಗಿಯನ್ನು ಕೈಬಿಡದೆ ಜೀವಘಾತವನ್ನೂ ಮಾಡದೆ ಮದ್ದು ಹೇಗೆ ಅರೆಯಬೇಕು ಎಂಬುದು ಆ ಪರಂಪರೆಯ ಪ್ರಶ್ನೆ. ಜೇನಿನ ವಿಷಯದಲ್ಲಿ ಆ ಪ್ರಶ್ನೆಗೆ ಉತ್ತರ ಅಷ್ಟು ದುರ್ಲಭವಲ್ಲ. ಚೂರ್ಣವನ್ನು ಕಲಸಲು ಬಿಸಿನೀರು, ಹಾಲು, ತುಪ್ಪ, ಸಕ್ಕರೆಗಳನ್ನೂ ಆಯುರ್ವೇದ ಅನುಪಾನವಾಗಿ ಒಪ್ಪುತ್ತದೆ. ಕೆಮ್ಮಿಗೆ ಕೊಡುವ ಸಿತೋಪಲಾದಿ ಚೂರ್ಣದ ಹೆಸರಿನಲ್ಲಿರುವ ಸಿತೋಪಲವೇ ಕಲ್ಲುಸಕ್ಕರೆ. ಕಲ್ಲುಸಕ್ಕರೆ ಜೇನಿಗೆ ಪೂರ್ತಿ ಸಮನೆಂದು ಹೇಳುವುದು ಪ್ರಾಮಾಣಿಕವಲ್ಲ. ಆದರೆ ಸಾಮಾನ್ಯ ಶೀತದ ಕೆಮ್ಮು ಜೇನಿದ್ದರೂ ಇಲ್ಲದಿದ್ದರೂ ಕೆಲವು ದಿನಗಳಲ್ಲಿ ಇಳಿಯುವಂಥದು. ಇಳಿಯದ ಕೆಮ್ಮಿಗೆ, ಉಸಿರಾಟದ ಕಷ್ಟಕ್ಕೆ ವೈದ್ಯರೇ ಬೇಕು. ಅಲ್ಲಿ ಜೇನೂ ಕಲ್ಲುಸಕ್ಕರೆಯೂ ಸಾಲವು.

ಪೂಜೆಯಲ್ಲಿಯೂ ಇಂಥದೇ ಒಂದು ಪಲ್ಲಟ ನಡೆದಿದೆ. ವೈದಿಕ ಸಂಪ್ರದಾಯದ ಪಂಚಾಮೃತದಲ್ಲಿ ಹಾಲು, ಮೊಸರು, ತುಪ್ಪ, ಸಕ್ಕರೆಗಳೊಡನೆ ಜೇನಿಗೆ ಸ್ಥಾನವುಂಟು. ಬಸದಿಗಳ ಪಂಚಾಮೃತಾಭಿಷೇಕದಲ್ಲಿ ಜಿನಬಿಂಬದ ಮೇಲೆ ಇಳಿಯುವ ಸಿಹಿ ಕಬ್ಬಿನ ಹಾಲು. ಆದಿತೀರ್ಥಂಕರರ ದೀರ್ಘ ಉಪವಾಸಕ್ಕೆ ಹಸ್ತಿನಾಪುರದಲ್ಲಿ ಶ್ರೇಯಾಂಸ ರಾಜನು ಪಾರಣೆ ಮಾಡಿಸಿದ್ದೂ ಇಕ್ಷುರಸದಿಂದಲೇ. ಅಕ್ಷಯತದಿಗೆಯ ದಿನ ಭಕ್ತರು ನೆನೆಯುವ ದಾನ ಅದು. ಸಿಹಿಯನ್ನು ಈ ಧರ್ಮ ಹೊರಗಟ್ಟಲಿಲ್ಲ, ಅದರ ಮೂಲವನ್ನು ಬದಲಿಸಿತು.

ಪೆಟ್ಟಿಗೆಜೇನಿನ ಪ್ರಶ್ನೆ ಈ ಕಾಲದ್ದು. ಎರಿಯನ್ನು ಹಿಂಡದೆ, ಚೌಕಟ್ಟುಗಳನ್ನು ಯಂತ್ರದಲ್ಲಿ ತಿರುಗಿಸಿ ಜೇನನ್ನು ಮಾತ್ರ ಚಿಮ್ಮಿಸಿ, ಖಾಲಿ ಎರಿಯನ್ನು ಮರಳಿ ಗೂಡಿಗಿಡುವ ಕ್ರಮದಲ್ಲಿ ಮರಿಗಳು ಸಾಯುವುದಿಲ್ಲ. ಇದನ್ನು ಅಹಿಂಸಾ ಜೇನು ಎಂದು ಕರೆದು, ಆಚಾರ್ಯರು ಇಂದು ಇದ್ದಿದ್ದರೆ ಒಪ್ಪುತ್ತಿದ್ದರು ಎನ್ನುವವರೂ ಇದ್ದಾರೆ. ವಾದದಲ್ಲಿ ಹುರುಳಿಲ್ಲದೆ ಇಲ್ಲ. ಹಿಂಡಿದ ಜೇನಿಗಿಂತ ಇದರಲ್ಲಿ ಹಿಂಸೆ ಬಹಳ ಕಡಿಮೆ. ಆದರೆ ಅಮೃತಚಂದ್ರಾಚಾರ್ಯರು ಇದನ್ನು ಮುಂದಾಗಿಯೇ ಎಣಿಸಿದಂತಿದೆ. ತಾನಾಗಿ ತೊಟ್ಟಿಕ್ಕಿದ ಜೇನನ್ನಾಗಲಿ ಉಪಾಯದಿಂದ ಪಡೆದ ಜೇನನ್ನಾಗಲಿ ತೆಗೆದುಕೊಂಡರೂ ಅದನ್ನು ಆಶ್ರಯಿಸಿದ ಜೀವಿಗಳ ಘಾತದಿಂದಾಗಿ ಹಿಂಸೆ ತಪ್ಪದು ಎಂಬುದು ಅವರ ನಿಲುವು. ಈ ಆಶ್ರಿತ ಜೀವಿಗಳ ವಿಚಾರವನ್ನು ಸೂಕ್ಷ್ಮದರ್ಶಕದ ಭಾಷೆಗೆ ಬಲವಂತವಾಗಿ ತರ್ಜುಮೆ ಮಾಡುವುದು ಉಚಿತವಲ್ಲ. ನೀರು ಕಡಿಮೆಯಾದ ಹದವಾದ ಜೇನಿನಲ್ಲಿ ಸೂಕ್ಷ್ಮಾಣುಗಳು ಬೆಳೆಯಲಾರವು ಎಂದು ವಿಜ್ಞಾನ ಹೇಳುತ್ತದೆ. ತೇವ ಹೆಚ್ಚಿದರೆ ಮಾತ್ರ ಯೀಸ್ಟ್ ಹುಟ್ಟಿ ಹುಳಿಯುತ್ತದೆ. ಆಗಮದ ಜೀವವಿಚಾರ ಬೇರೊಂದು ನೆಲೆಯದು. ಎರಡನ್ನೂ ಒಂದೇ ಅಳತೆಗೋಲಿಗೆ ಹೊಂದಿಸಹೊರಟವರು ಶಾಸ್ತ್ರಕ್ಕೂ ವಿಜ್ಞಾನಕ್ಕೂ ಅನ್ಯಾಯ ಮಾಡುತ್ತಾರೆ.

ಪೆಟ್ಟಿಗೆಜೇನಿನ ವಿಷಯದಲ್ಲಿ ಹೆಚ್ಚು ತಾಕುವುದು ಇನ್ನೊಂದು ಅಣುವ್ರತ, ಅಚೌರ್ಯ. ಕೊಡದಿದ್ದುದನ್ನು ತೆಗೆದುಕೊಳ್ಳುವುದು ಅದತ್ತಾದಾನ. ಹಸುವಿನ ಹಾಲಿನಲ್ಲಿ ಕರುವಿನ ಪಾಲು ಮೊದಲು ಎಂಬ ನಿಯಮವನ್ನು ಇಟ್ಟುಕೊಂಡವರು ಇಂದಿನ ಡೇರಿಗಳ ಹಾಲಿನ ಬಗೆಗೂ ಈ ಪ್ರಶ್ನೆ ಕೇಳಿಕೊಳ್ಳಬೇಕಾಗುತ್ತದೆ, ಕೇಳಿಕೊಳ್ಳುತ್ತಲೂ ಇದ್ದಾರೆ. ನೊಣ ಮಾತ್ರ ಯಾರಿಗೂ ಯಾವಾಗಲೂ ಜೇನು ಕೊಟ್ಟದ್ದಿಲ್ಲ. ಹೊಗೆ ಹಾಕದೆ, ಮುಖಕ್ಕೆ ಜಾಲರಿ ಕಟ್ಟದೆ ಗೂಡಿಗೆ ಕೈಹಾಕುವವರು ಅಪರೂಪ ಎಂಬುದೇ ಅದರ ಸಮ್ಮತಿ ಎಷ್ಟಿದೆ ಎಂಬುದಕ್ಕೆ ಸಾಕ್ಷಿ. ಅದರ ಕೊಡುಗೆ ಬೇರೆಯೇ ಇದೆ. ತೋಟದ ಕಾಫಿ, ಏಲಕ್ಕಿ, ಹೊಲದ ಸೂರ್ಯಕಾಂತಿ, ಹಿತ್ತಲಿನ ಸೋರೆ, ಕುಂಬಳಗಳ ಹೂಗಳನ್ನು ಫಲವಾಗಿಸುವ ಪರಾಗಸ್ಪರ್ಶವನ್ನು ಅದು ಬೇಡದೆಯೇ ಮಾಡುತ್ತದೆ. ಜೇನು ತಿನ್ನದ ಶ್ರಾವಕನೂ ಆ ಋಣದಲ್ಲಿದ್ದಾನೆ. ತೋಟಕ್ಕೆ ಹೂಬಿಡುವ ಹೊತ್ತಿನಲ್ಲಿ ಕೀಟನಾಶಕ ಸಿಂಪಡಿಸುವ ಜೈನ ಕೃಷಿಕ ಜೇನಿನ ಶೀಶೆಯನ್ನು ಮನೆಗೆ ತರದಿದ್ದರೆ ಮುಗಿಯಿತೆ?

ಜೇನಿನ ಹನಿಯ ಮೇಲೆ ಜೈನ ಕಥಾಕಾರರು ಕಟ್ಟಿದ ದೃಷ್ಟಾಂತ ಎಲ್ಲರಿಗೂ ಪರಿಚಿತ. ಸಂಘದಾಸಗಣಿಯ ವಸುದೇವಹಿಂಡಿ, ಹರಿಭದ್ರಸೂರಿಗಳ ಸಮರಾಇಚ್ಚಕಹಾ ಮೊದಲಾದ ಕೃತಿಗಳಲ್ಲಿ ಅದು ಬಂದಿದೆ. ಕಾಡಾನೆ ಅಟ್ಟಿಸಿಕೊಂಡು ಬಂದು ಒಬ್ಬನು ಹಾಳುಬಾವಿಯ ಬಿಳಲಿಗೆ ಜೋತುಬೀಳುತ್ತಾನೆ. ಕೆಳಗೆ ಹೆಬ್ಬಾವು ಬಾಯ್ದೆರೆದಿದೆ, ಸುತ್ತ ನಾಲ್ಕು ಹಾವುಗಳು, ಮೇಲೆ ಬಿಳಲನ್ನು ಕಡಿಯುವ ಬಿಳಿಯ ಇಲಿ, ಕರಿಯ ಇಲಿ. ಆನೆ ಮರವನ್ನು ಅಲ್ಲಾಡಿಸಿದಾಗ ಕೊಂಬೆಯ ಜೇನುಗೂಡು ಕದಡಿ ನೊಣಗಳು ಮುತ್ತುತ್ತವೆ. ಅದೇ ಗೂಡಿನಿಂದ ತೊಟ್ಟಿಕ್ಕಿದ ಹನಿ ಜಾರಿ ತುಟಿಗೆ ಬರುತ್ತದೆ. ಅವನು ಎಲ್ಲವನ್ನೂ ಮರೆಯುತ್ತಾನೆ. ಹಗಲು ರಾತ್ರಿಗಳೆಂಬ ಇಲಿಗಳು, ಮೃತ್ಯುವೆಂಬ ಆನೆ, ನಾಲ್ಕು ಕಷಾಯಗಳೆಂಬ ಹಾವುಗಳು ಎಂದು ಪ್ರವಚನಕಾರರು ಬಿಡಿಸಿ ಹೇಳುತ್ತಾರೆ. ವಿದ್ಯಾಧರನೊಬ್ಬ ವಿಮಾನ ನಿಲ್ಲಿಸಿ ಕೈಚಾಚಿದಾಗ ಇನ್ನೊಂದು ಹನಿ ಬೀಳಲಿ, ಬಂದೆ ಎನ್ನುವ ಭಾಗ ಕೆಲವು ಹೇಳಿಕೆಗಳಲ್ಲಿ ಸೇರಿದೆ. ಈ ಕಥೆಯಲ್ಲಿ ಹನಿ ಕಹಿಯಾಗಿಲ್ಲ, ವಿಷವಾಗಿಲ್ಲ ಎಂಬುದನ್ನು ಗಮನಿಸಬೇಕು. ಅದು ನಿಜಕ್ಕೂ ಸಿಹಿ. ಸಿಹಿಯಾಗಿರದಿದ್ದರೆ ಕಥೆಯೇ ಇಲ್ಲ.

ನಿತ್ಯದ ಬದುಕಿನಲ್ಲಿ ಮಧುತ್ಯಾಗಿಗಳಿಗೆ ಎದುರಾಗುವ ತೊಡಕು ಬಹುಪಾಲು ಲೇಬಲಿನದು. ನಮ್ಮ ದೇಶದ ಆಹಾರ ನಿಯಮಗಳು ಮಾಂಸಾಹಾರವನ್ನು ವ್ಯಾಖ್ಯಾನಿಸುವಾಗ ಹಾಲಿನೊಡನೆ ಜೇನನ್ನೂ ಜೇನುಮೇಣವನ್ನೂ ಹೊರಗಿಟ್ಟಿವೆ. ಆದ್ದರಿಂದ ಹಸಿರು ಚುಕ್ಕೆ ಇದ್ದ ಮಾತ್ರಕ್ಕೆ ಪೊಟ್ಟಣದಲ್ಲಿ ಜೇನಿಲ್ಲವೆಂದು ತಿಳಿಯಲಾಗದು. ಚ್ಯವನಪ್ರಾಶದಲ್ಲಿ ಸಾಮಾನ್ಯವಾಗಿ ಜೇನಿರುತ್ತದೆ. ಅನೇಕ ಲೇಹ್ಯಗಳಲ್ಲಿ, ಕೆಮ್ಮಿನ ಸಿರಪ್ಪುಗಳಲ್ಲಿ, ಗಂಟಲಿನ ಗುಳಿಗೆಗಳಲ್ಲಿ, ಬೆಳಗಿನ ಉಪಾಹಾರದ ಧಾನ್ಯದ ಪೊಟ್ಟಣಗಳಲ್ಲಿ, ಬಿಸ್ಕತ್ತುಗಳಲ್ಲಿ ಇರಬಹುದು. 2022ರ ನಿಯಮಗಳಂತೆ ಬಂದ ವೀಗನ್ ಗುರುತು ಇರುವ ಪದಾರ್ಥಗಳಲ್ಲಿ ಜೇನು ಇರುವಂತಿಲ್ಲ, ಆದರೆ ಆ ಗುರುತು ಎಲ್ಲ ಅಂಗಡಿಗಳಲ್ಲಿ ಸಿಗದು. ಸಣ್ಣ ಅಕ್ಷರದ ಪದಾರ್ಥಪಟ್ಟಿಯನ್ನು ಓದುವುದೇ ಉಳಿದ ದಾರಿ. ಆಯುರ್ವೇದ ವೈದ್ಯರ ಬಳಿ ಹೋದಾಗ ಅವರು ಅನುಪಾನ ಬರೆಯುವ ಮೊದಲೇ ಜೇನು ಸಲ್ಲದೆಂದು ತಿಳಿಸಿದರೆ ಅವರು ಬದಲಿ ಹೇಳುತ್ತಾರೆ. ಮನೆಗೆ ಬಂದ ಮೇಲೆ ಮದ್ದನ್ನೇ ಬಿಟ್ಟುಬಿಡುವುದಕ್ಕಿಂತ ಇದು ಮೇಲು. ತಿಳಿಯದೆ ತಿಂದದ್ದಕ್ಕೆ ಕಂಗೆಡುವವರು, ಗಾಯಕ್ಕೆ ಜೇನಿನ ಪಟ್ಟಿ ಕಟ್ಟಬೇಕಾಗಿ ಬಂದವರು ಗುರುಗಳ ಬಳಿ ಹೇಳಿಕೊಳ್ಳುವುದು ಒಳಿತು. ಆಲೋಚನೆ, ಪ್ರಾಯಶ್ಚಿತ್ತಗಳು ಇರುವುದು ಅದಕ್ಕಾಗಿಯೇ.

ಜೀವನಪೂರ್ತಿ ಬಿಡುವ ಧೈರ್ಯವಿಲ್ಲದವರಿಗೂ ಶಾಸ್ತ್ರದಲ್ಲಿ ಎಡೆಯಿದೆ. ಭೋಗಗಳನ್ನು ಮಿತಗೊಳಿಸುವ ಕ್ರಮದಲ್ಲಿ ಸಮಂತಭದ್ರರು ಕಾಲದ ಎಲ್ಲೆ ಇಟ್ಟುಕೊಂಡ ತ್ಯಾಗವನ್ನು ನಿಯಮವೆಂದೂ ಬದುಕಿರುವವರೆಗಿನ ತ್ಯಾಗವನ್ನು ಯಮವೆಂದೂ ಕರೆದರು. ಜೇನಿಗೆ ಯಮವೇ ಉಚಿತವಾದರೂ, ಹೊಸಬರು ಚಾತುರ್ಮಾಸದ ನಾಲ್ಕು ತಿಂಗಳ ನಿಯಮದಿಂದ ತೊಡಗಬಹುದು. ಆಷಾಢದಿಂದ ಕಾರ್ತಿಕದವರೆಗೆ, ನೆಲದ ಮೇಲೆ ಹಸಿರೂ ಹುಳುವೂ ತುಂಬಿದ ಆ ದಿನಗಳಲ್ಲಿ, ಕಾಲಡಿಯ ಜೀವಗಳಿಗೆ ನೋವಾಗದಿರಲೆಂದು ಮುನಿಗಳು ವಿಹಾರ ನಿಲ್ಲಿಸಿ ಒಂದೆಡೆ ನೆಲೆಸುತ್ತಾರೆ. ಅದೇ ಮಳೆಯ ದಿನಗಳಲ್ಲಿ ಮಲೆನಾಡಿನ ಮರದ ಪೊಟರೆಗಳಲ್ಲಿ ತುಡುವೆಗಳೂ ಒಳಗೇ ಉಳಿದು, ಬೇಸಿಗೆಯಲ್ಲಿ ಕೂಡಿಟ್ಟದ್ದು ಉಳಿದಿದ್ದರೆ ಅದನ್ನು ತುಸುತುಸುವೇ ತೆರೆದು ಉಣ್ಣುತ್ತಿರುತ್ತವೆ.